ಶ್ರೀರಂಗಪಟ್ಟಣ ನಿಜವಾಗ್ಲೂ ದ್ವೀಪವಾ? ಮಕ್ಕಳ ಜೊತೆ ಒಂದು ದಿನ

ಎರಡು ವರ್ಷದ ಹಿಂದೆ ಕಾರಿನಲ್ಲಿ ಒಂದೇ ದಿನಕ್ಕೆ ಶ್ರೀರಂಗಪಟ್ಟಣ, ಮೈಸೂರು ಎರಡನ್ನೂ ಮುಗಿಸಿ ಬಂದಿದ್ದೆವು. ಏಳೆಂಟು ಜಾಗ ನೋಡಿದ್ದು. ವಾಪಸ್ ಬಂದು ಮಗನನ್ನು ಕೇಳಿದರೆ ಅವನಿಗೆ ನೆನಪಿದ್ದದ್ದು ದಾರಿಯಲ್ಲಿ ವಾಂತಿ ಮಾಡಿಕೊಂಡಿದ್ದು ಮಾತ್ರ. ಈ ಸಲ ಶ್ರೀರಂಗಪಟ್ಟಣ ಒಂದೇ ಸಾಕು, ರೈಲಲ್ಲೇ ಹೋಗೋಣ ಅಂದುಕೊಂಡೆ. ಹಿಂದಿನ ರಾತ್ರಿ ಮಕ್ಕಳಿಗೆ ಒಂದೇ ಒಂದು ಮಾತು ಹೇಳಿದ್ದೆ: "ನಾಳೆ ನಾವು ಹೋಗೋದು ಒಂದು ದ್ವೀಪಕ್ಕೆ." ಒಂಬತ್ತರ ಮಗಳು ನಂಬಲಿಲ್ಲ. "ಮಂಡ್ಯ ಹತ್ರ ಎಲ್ಲಿಂದ ಬಂತಮ್ಮ ದ್ವೀಪ?" ನೀನೇ ನೋಡಿ ಹೇಳು ಎಂದು ಹಳೇ ಮದುವೆ ಪತ್ರಿಕೆಯ ಹಿಂಬದಿ, ಪೆನ್ಸಿಲ್ಲು ಕೊಟ್ಟೆ. ನಕ್ಷೆ ಬರೆಯೋದು ಅವಳ ಕೆಲಸ.

ಬೆಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಡುವ ರೈಲು ಹಿಡಿಯಿರಿ. ಮೈಸೂರು ಕಡೆಯ ಎಲ್ಲ ರೈಲೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ, ಶತಾಬ್ದಿ, ವಂದೇ ಭಾರತ್ ಅಂತೂ ನಿಲ್ಲೋದೇ ಇಲ್ಲ. ಮೊದಲೇ ನೋಡಿಕೊಳ್ಳಿ. ಜನರಲ್ ಟಿಕೆಟ್‌ನಲ್ಲಿ ಐದು ವರ್ಷದೊಳಗಿನವರಿಗೆ ಚಾರ್ಜಿಲ್ಲ, ಹನ್ನೆರಡರೊಳಗೆ ಅರ್ಧ. ಆರು ವರ್ಷದ ಮಗನಿಗೆ ಸ್ಟೇಷನ್ ಲೆಕ್ಕದ ಹೊಣೆ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ ಅಂತ ಹಳದಿ ಬೋರ್ಡು ಕೂಡಿಸಿ ಓದುತ್ತಾ, ಬೆರಳು ಮಡಿಸುತ್ತಾ ಕೂತ. ಮದ್ದೂರಿನಲ್ಲಿ ವಡೆ ಬಂದಾಗ ದುಡ್ಡು ಅವನ ಕೈಗೇ ಕೊಟ್ಟೆ. ಚಿಲ್ಲರೆ ಎಣಿಸಿ ತಗೊಳ್ಳುವಷ್ಟರಲ್ಲಿ ಅವನ ಮುಖದಲ್ಲಿ ಬ್ಯಾಂಕ್ ಮ್ಯಾನೇಜರನ ಗಾಂಭೀರ್ಯ. ವಡೆಯ ಪುಡಿ ಮಾತ್ರ ಮಂಡ್ಯ ದಾಟುವವರೆಗೂ ಸೀಟಿನ ತುಂಬಾ.

ಪಾಂಡವಪುರ ಬಿಟ್ಟ ಕೂಡಲೇ ಮಕ್ಕಳನ್ನು ಕಿಟಕಿ ಹತ್ತಿರ ಕೂರಿಸಿ. ರೈಲು ಸೇತುವೆ ಮೇಲೆ ಬಂದು ಸದ್ದು ಬದಲಾಗುತ್ತದೆ, ಕೆಳಗೆ ಕಾವೇರಿ. ಮಗಳು ಗೆರೆ ಎಳೆದಳು. ಆಮೇಲೆ ತಕರಾರು: "ಒಂದೇ ಕಡೆ ನೀರಿದ್ರೆ ಅದು ದ್ವೀಪ ಅಲ್ಲ."

ಸ್ಟೇಷನ್ ಹತ್ತಿರವೇ ಟಿಪ್ಪುವಿನ ಸಿಡಿಮದ್ದಿನ ಮನೆ ಇದೆ. ಜೋಡಿಹಳಿ ಹಾಕಲು ಅಡ್ಡವಾಗಿದ್ದ ಈ ಕಟ್ಟಡವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಜರುಗಿಸಿದರು. ತೂಕ ಸುಮಾರು ಸಾವಿರ ಟನ್. "ನಡೆದುಕೊಂಡು ಹೋದ ಮನೆ" ಎಂದು ಹೇಳಿ ನೋಡಿ, ಅಡಿಪಾಯ ಹುಡುಕೋಕೆ ಶುರು ಮಾಡುತ್ತಾರೆ.

ಹೊರಗೆ ಬಂದರೆ ಆಟೋದವರು ಸುತ್ತುವರಿಯುತ್ತಾರೆ. "ಬನ್ರಕ್ಕ, ನಿಮಿಷಾಂಬ, ಗುಂಬಜ್, ಸಂಗಮ ಎಲ್ಲಾ ಒಂದೇ ರೌಂಡ್‌ಗೆ ತೋರಿಸ್ಬುಡ್ತೀನಿ." ಅದಕ್ಕೆ ಒಪ್ಪಿದರೆ ಕೆಟ್ಟಿತು, ಮತ್ತೆ ಹಳೇ ಕಾರಿನ ಪ್ರವಾಸವೇ. ರಂಗನಾಥನ ಗುಡಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ದರ್ಶನ ಮೊದಲು.

ನಮ್ಮ ದಿನದ ಜೀವಾಳ ಮಾತ್ರ ಕರ್ನಲ್ ಬೈಲಿ ಸೆರೆಮನೆ. ಮೆಟ್ಟಿಲಿಳಿದರೆ ತಗ್ಗಿನಲ್ಲಿ ಕಮಾನುಗಳ ಸಾಲು, ನಡುವೆ ಬಿದ್ದಿರುವ ಒಂದು ಫಿರಂಗಿ. ಗೋಡೆಯಿಂದ ಚಾಚಿಕೊಂಡ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳ ಕೈ ಬಿಗಿಯುತ್ತಿದ್ದದ್ದು ಅಲ್ಲಿ. ಮಗ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿದ, ಎಟುಕಲಿಲ್ಲ. ಇನ್ನೊಂದು ಸಲ ತುದಿಗಾಲಲ್ಲಿ ನಿಂತ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್-ಟಿಪ್ಪು ಸೇನೆಗೆ ಸೆರೆ ಸಿಕ್ಕ ಬ್ರಿಟಿಷ್ ಸೇನಾಧಿಕಾರಿ ಬೈಲಿ, 1782ರಲ್ಲಿ ಈ ಊರಿನಲ್ಲೇ ಸತ್ತ. ಇಷ್ಟು ಹೇಳಿ ನಿಲ್ಲಿಸಿ, ಮಿಕ್ಕಿದ್ದನ್ನು ದರಿಯಾ ದೌಲತ್‌ಗೆ ಉಳಿಸಿಕೊಳ್ಳಿ.

1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಯ ಮೇಲೆ ಅದೇ ಯುದ್ಧದ ಚಿತ್ರವಿದೆ. "ಬೈಲಿ ಎಲ್ಲಿದ್ದಾನೆ, ಹುಡುಕಿ" ಅಂದೆ. ಬಿಸಿಲು ತಾಗದಿರಲಿ ಎಂದು ಹಸಿರು ಪರದೆ ಇಳಿಬಿಟ್ಟಿರುವುದರಿಂದ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ನೂರಾರು ಸೈನಿಕರು, ಕುದುರೆ, ಸಿಡಿಯುತ್ತಿರುವ ಮದ್ದಿನ ಬಂಡಿ. ಸಿಪಾಯಿಗಳ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತವನನ್ನು ಮೊದಲು ಕಂಡದ್ದು ಮಗ. "ಇವ್ನೇ! ನಾನು ಇವನ ರೂಮಿಗೆ ಹೋಗಿ ಬಂದೆ!" ಪಕ್ಕದಲ್ಲಿದ್ದ ಕಾಲೇಜು ಹುಡುಗರೂ ತಿರುಗಿ ನೋಡಿದರು. ಇಲ್ಲಿ ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಳಗೆ ಫೋಟೊ ಬೇಡ ಅನ್ನುತ್ತಾರೆ, ಒಳ್ಳೆಯದೇ ಆಯಿತು, ನಮ್ಮ ಮೊಬೈಲೂ ಚೀಲ ಸೇರಿತು.

ಊಟ ಮನೆಯಿಂದ ತಂದ ಪುಳಿಯೋಗರೆ, ಮರದ ನೆರಳಲ್ಲಿ. ನೀರು ಕಡಿಮೆ ತಂದಿದ್ದು ನನ್ನದೇ ತಪ್ಪು. ತಲೆಗೊಂದು ದೊಡ್ಡ ಬಾಟಲಿ ಇರಲಿ. ಮಗಳಿಗೆ ಹೊಸ ಚಪ್ಪಲಿ ಹಾಕಿಸಿದ್ದೂ ನಾನೇ, ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಸುಲಿದಿತ್ತು. ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಬಿಟ್ಟೆವು.

ಸಂಜೆ ಆಟೋದಲ್ಲಿ ಸಂಗಮಕ್ಕೆ. ಪಟ್ಟಣದ ಎರಡು ಮಗ್ಗುಲಲ್ಲಿ ಕವಲೊಡೆದು ಬಂದ ಕಾವೇರಿ ಪೂರ್ವದ ಈ ತುದಿಯಲ್ಲಿ ಮತ್ತೆ ಒಂದಾಗುತ್ತಾಳೆ, ಲೋಕಪಾವನಿ ನದಿಯೂ ಇಲ್ಲೇ ಹತ್ತಿರದಲ್ಲಿ ಬಂದು ಸೇರುತ್ತಾಳೆ. ಸೆಳವು ಜಾಸ್ತಿ. ಪಾದ ಮುಳುಗುವಷ್ಟೇ ಸಾಕು, ಮಕ್ಕಳ ಕೈ ಬಿಡಬೇಡಿ. ತೆಪ್ಪದ ಆಸೆ ಮೊದಲೇ ಹುಟ್ಟಿಸಬೇಡಿ, ನೀರು ಹೆಚ್ಚಿದ್ದರೆ ಬಿಡುವುದಿಲ್ಲ. ನಾವು ಹೋದ ದಿನ ಬಿಟ್ಟಿರಲಿಲ್ಲ, ಮಗ ಕಾಲು ಗಂಟೆ ಅತ್ತ.

ಮಗಳು ಮೆಟ್ಟಿಲ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಎರಡನೇ ಗೆರೆ ಎಳೆದಳು. ಎರಡೂ ಗೆರೆ ತುದಿಯಲ್ಲಿ ಕೂಡಿದವು. "ಈ ಕಡೆ ಮುಚ್ಚಿತು. ಆ ಕಡೆ ಎಲ್ಲಿ ಶುರುವಾಗುತ್ತೆ?" ಅದನ್ನು ನೋಡೋಕೆ ಪಶ್ಚಿಮವಾಹಿನಿ ಕಡೆ ಹೋಗಬೇಕಿತ್ತು, ರೈಲಿಗೆ ಹೊತ್ತಾಗಿತ್ತು. ನಕ್ಷೆ ಈಗ ಫ್ರಿಜ್ ಬಾಗಿಲ ಮೇಲಿದೆ, ಒಂದು ಬದಿ ತೆರೆದೇ ಇದೆ.