ಸಂಜೆಯ ಜೋಳದಷ್ಟು ಚಿನ್ನ

ಈ ವಾರ ಅಕ್ಕನ ಮಗನ ಜೊತೆ ಮುಂಡರಗಿ ತಾಲ್ಲೂಕಿನ ಡೋಣಿ ಕಡೆ ಹೋಗಿದ್ದೆ. ಅಲ್ಲಿ ಜಾಲಗಾರರ ಮನೆತನದ ಅಜ್ಜಿಯೊಬ್ಬರು ಸಿಕ್ಕರು. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು. ಹುಡುಗ ಗದುಗಿನ ಚಿನ್ನದಂಗಡಿಯಲ್ಲಿ ಕೆಲಸ ಮಾಡುವವನು. ಕೇಳಿಯೇ ಬಿಟ್ಟ.

"ಆಯಿ, ದಿನಕ್ಕ ಎಷ್ಟ್ ಗ್ರಾಂ ಸಿಗತಿತ್ತು?"

"ಗ್ರಾಂ ನಮಗೇನ್ ಗೊತ್ತೋ ತಮ್ಮಾ? ಸಂಜಿ ಜ್ವಾಳಕ್ಕ ಆಗತಿತ್ತು."

ಹುಡುಗ ಒಳ್ಳೆಯವನೇ. ಆದರೆ ಏನು ಕಂಡರೂ ಮೊದಲು ತೂಕ, ರೇಟು. ಅಜ್ಜಿಗೆ ಅದರ ಗೊಡವೆಯೇ ಇಲ್ಲ. ಸಂಜೆ ಜೋಳಕ್ಕೆ ಆಗ್ತಿತ್ತು, ಮುಗೀತು.

ಮರಳು ತೊಳೆಯುವ ಹಳೆಯ ಮರಿಗೆ, ಅಂದರೆ ಮರದ ತಟ್ಟೆ, ಈಗಿಲ್ಲವಂತೆ. ಸ್ಟೀಲ್ ಪರಾತದಲ್ಲೇ ಮರಳು, ನೀರು ಹಾಕಿ ತೋರಿಸಿದರು. ಓರೆ ಹಿಡಿದು ಮೆಲ್ಲಗೆ ತಿರುಗಿಸಿದರು. ಹಗುರ ಮರಳೆಲ್ಲ ನೀರಿನ ಜೊತೆ ಹೊರಗೆ ಹೋಯಿತು. ತಳದಲ್ಲಿ ಕರಿ ಮರಳು ತೆಳ್ಳಗೆ ಗೆರೆಯಾಗಿ ನಿಂತಿತು. ಚಿನ್ನ ಇದ್ದಿದ್ದರೆ ಅದರ ಜೊತೆಗೇ ಕೂರುತ್ತಿತ್ತು. ಎಂಥ ಹದ ಆ ಕೈಗಳಲ್ಲಿ!

ಇಲ್ಲಿನ ಡಂಬಳದ ಗುಡ್ಡಗಳ ಚಿನ್ನದ ಬಗ್ಗೆ ಬ್ರೂಸ್ ಫೂಟ್ 1874ರಲ್ಲೇ ಬರೆದಿದ್ದರು. ಅಂಥ ಭೂವಿಜ್ಞಾನಿಗೂ ಮರಳು ತೊಳೆದು ತೋರಿಸಲು ಜಾಲಗಾರರೇ ಬೇಕಾಯಿತು. ಆಮೇಲೆ ಬ್ರಿಟಿಷರ ಕಾಲದ ಕಂಪನಿ ಕಬಲಾಯತಕಟ್ಟಿಯಲ್ಲಿ ಗಣಿ ತೋಡಿತು, ಕೆಲವೇ ವರ್ಷಗಳಲ್ಲಿ ಮುಚ್ಚಿಕೊಂಡು ಹೋಯಿತು. ಜಾಲಗಾರರು ಮಾತ್ರ ಅದಾದ ಮೇಲೂ ಹಳ್ಳಕ್ಕೆ ಇಳಿಯುತ್ತಲೇ ಇದ್ದರು. ಅವರಿಗೆ ಬೇಕಿದ್ದದ್ದು ಒಂದು ಹೊತ್ತಿನ ಜೋಳ. ಅಷ್ಟನ್ನು ಹಳ್ಳ ಕೊಡುತ್ತಿತ್ತು.

"ಮಗಳಿಗೂ ಕಲಿಸಿದ್ರೇನ್ರಿ?" ಅಂದೆ.

"ಇಲ್ಲ ಬಿಡ್ರಿ. ನೀರಾಗ ನಿಂತು ನಿಂತು ನನ್ನ ಕಾಲು ಹೋದುವು. ಅಕಿ ಸಾಲಿ ಕಲೀಲಿ ಅಂದೆ."

ಸರಿಯಾಗೇ ಮಾಡಿದರು. ಕಸುಬು ಉಳಿಯಲಿ ಅಂತ ಮಗಳೂ ಕಾಲು ಕಳಕೊಳ್ಳಬೇಕಾ?

ಗಣಿಗಾರಿಕೆಯಿಂದ ಕಪ್ಪತಗುಡ್ಡ ಉಳಿಸಲು ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಆದರೂ ಗಣಿಯ ಮಾತು ಪೂರ್ತಿ ನಿಂತಿಲ್ಲ. ಊರಿಗೆ ಕೆಲಸ ಬರುತ್ತೆ, ದುಡ್ಡು ಬರುತ್ತೆ ಅನ್ನುವವರು ಈಗಲೂ ಇದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಈ ಮಣ್ಣಿನ ಚಿನ್ನವನ್ನು ಕೈಯಾರೆ ತೊಳೆದು, ಅದರಲ್ಲಿ ಹೊಟ್ಟೆ ಎಷ್ಟು ತುಂಬುತ್ತೆ ಅಂತ ಕಂಡವರನ್ನು ಯಾರಾದರೂ ಕೇಳಿದ್ದಾರಾ? ಇನ್ನೊಮ್ಮೆ ಗಣಿಯ ಸಭೆ ನಡೆದರೆ ಆ ಅಜ್ಜಿಯನ್ನು ಕರೆಸಿ, ಮೊದಲು ಅವರಿಗೇ ಮೈಕ್ ಕೊಡಿ. ಗಾಡಿ ನಾನು ತರುತ್ತೇನೆ. ಅವರಿಗೆ ದೂರ ನಡೆಯೋಕೆ ಆಗಲ್ಲ.