ಮುಷ್ಕರದ ದಿನ ಕೊರ್ನೀಲ್ಯಕ್ಕೆ: ದಾರಿ ತಪ್ಪಿದರೂ ಮಾತು ತಪ್ಪದಂತೆ

ಇಟಲಿಯ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ಪೀಸಾ ಮೇಲೆ ಲಾ ಸ್ಪೆತ್ಸಿಯಕ್ಕೆ ಹೋಗುವ ಪ್ರಾದೇಶಿಕ ರೈಲಿಗೆ ಸುಮಾರು ಎರಡೂವರೆ ತಾಸು ಬೇಕು. ಅಲ್ಲಿ ಗಾಡಿ ಬದಲಿಸಿದರೆ ಚಿಂಕ್ವೆ ತೆರ್ರೆ ಎಂಬ ಕಡಲತೀರದ ಐದು ಊರುಗಳಲ್ಲಿ ನಡುವಿನದಾದ ಕೊರ್ನೀಲ್ಯ ಅರ್ಧ ತಾಸಿನೊಳಗೆ ಸಿಗುತ್ತದೆ. ನಿಲ್ದಾಣದ ಫಲಕದಲ್ಲಿ ‘ಶೋಪೆರೊ’, ಅಂದರೆ ಮುಷ್ಕರ, ಎಂದು ಕಾಣದಿದ್ದರೆ ಪ್ರಯಾಣ ಇಷ್ಟೇ.

1990ರ ಕಾನೂನಿನ ಪ್ರಕಾರ ಮುಷ್ಕರಕ್ಕೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಕೊಡಬೇಕು. ಸಾರಿಗೆ ಸಚಿವಾಲಯದ ಪಟ್ಟಿಯಲ್ಲಿ ಅದು ಸಿಗುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 18ರಿಂದ 21 ಗಂಟೆಯವರೆಗೆ ನಿಗದಿತ ಪ್ರಾದೇಶಿಕ ರೈಲುಗಳು ಓಡಲೇಬೇಕು. ಭಾನುವಾರ, ಹಬ್ಬದ ದಿನ ಈ ಭರವಸೆ ಇಲ್ಲ. ಎಡವುವುದು ಗಾಡಿ ಬದಲಿಸುವಲ್ಲಿ. 19 ಗಂಟೆಗೆ ಫ್ಲಾರೆನ್ಸ್ ಬಿಟ್ಟವರು 21 ದಾಟಿ ಲಾ ಸ್ಪೆತ್ಸಿಯ ಸೇರುತ್ತಾರೆ, ಮುಂದಿನ ಗಾಡಿ ಇರುತ್ತದೆಂಬ ಖಾತ್ರಿಯಿಲ್ಲ. 18ರ ಆಸುಪಾಸಿನದನ್ನೇ ಹಿಡಿಯಬೇಕು. ದೋಣಿಯನ್ನು ನಂಬುವಂತಿಲ್ಲ: ಉಳಿದ ನಾಲ್ಕೂ ಊರುಗಳಲ್ಲಿ ನಿಲ್ಲುವ ದೋಣಿ, ಬಂಡೆಯ ನೆತ್ತಿಯ ಮೇಲಿರುವ ಕೊರ್ನೀಲ್ಯದಲ್ಲಿ ನಿಲ್ಲುವುದಿಲ್ಲ.

ಮಧ್ಯಾಹ್ನ ಬರುತ್ತೇವೆಂದು ಮಾತು ಕೊಟ್ಟಿರುವ, ಕೊರ್ನೀಲ್ಯದಲ್ಲಿ ತಂಗಲಿರುವ ಮನೆಯವರಿಗೆ ಸುದ್ದಿ ಮುಟ್ಟಿಸುವುದು ಫ್ಲಾರೆನ್ಸಿನಲ್ಲಿರುವಾಗಲೇ ಆಗಬೇಕು, ವಾಟ್ಸಾಪ್ ಸಾಕು. ಕ್ಷಮೆಯನ್ನು ಉದ್ದ ಮಾಡುವುದು ಬೇಡ. ಅವರಿಗೆ ಬೇಕಿರುವುದು ಕಾರಣ ಮತ್ತು ಹೊಸ ಸಮಯ. ಇಟಾಲಿಯನ್‌ನಲ್ಲಿ ಹೀಗೆ:

‘ಬ್ವೊಂಜೋರ್ನೊ. ಮಿ ದಿಸ್ಪ್ಯಾಚೆ, ಚೆ ಸ್ತಾತೊ ಉನ್ ಇಂಪ್ರೆವಿಸ್ತೊ: ಚೆ ಶೋಪೆರೊ ದೇಯ್ ತ್ರೇನಿ. ಅರ್ರಿವೆರೇಮೊ ವೆರ್ಸೊ ಲೆ 21.30 ಇನ್ವೇಚೆ ದೆಲ್ಲೆ 16. ವಾ ಬೇನೆ?’

ನಮಸ್ಕಾರ, ಕ್ಷಮಿಸಿ, ಅನಿರೀಕ್ಷಿತ ಅಡಚಣೆ ಬಂತು, ರೈಲು ಮುಷ್ಕರ. 16ರ ಬದಲು 21.30ರ ಸುಮಾರಿಗೆ ಬರುತ್ತೇವೆ, ಆಗಬಹುದೇ? ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ, ಅಂಕಿಯಲ್ಲೇ ಬರೆಯಿರಿ. ‘ಒಂಬತ್ತೂವರೆ’ ಎಂದರೆ ಬೆಳಿಗ್ಗೆಯೋ ರಾತ್ರಿಯೋ ಎಂದು ಮತ್ತೆ ಪ್ರಶ್ನೆ ಬರುತ್ತದೆ. ‘ಮಿ ದಿಸ್ಪ್ಯಾಚೆ’ಯನ್ನು ಗಂಡಸರು ಹೆಂಗಸರು ಒಂದೇ ತೆರನಾಗಿ ಹೇಳಬಹುದು. ಅದೇ ಕ್ಷಮೆಗೆ ‘ಸೋನೊ ದೆಸೊಲಾತೊ’ ಎನ್ನಹೊರಟರೆ ಹೆಂಗಸರು ‘ದೆಸೊಲಾತ’ ಎನ್ನಬೇಕು. ನಿಲ್ದಾಣದ ಧ್ವನಿವರ್ಧಕ ದಿನವಿಡೀ ಒದರುವ ‘ಚಿ ಸ್ಕುಸ್ಯಾಮೊ ಪೆರ್ ಇಲ್ ದಿಸಾಜೊ’ವನ್ನು (ಅನನುಕೂಲಕ್ಕೆ ಕ್ಷಮಿಸಿ) ನಕಲು ಮಾಡದಿರುವುದೇ ಲೇಸು, ಕೇಳಿ ಕೇಳಿ ಅದರ ತೂಕ ಹೋಗಿದೆ.

ಮುಖಾಮುಖಿ ಮಾತಿನಲ್ಲಿ ಕ್ಷಮೆ ಕೇಳುವ ‘ಸ್ಕೂಸಿ’, ‘ಸ್ಕೂಸ’ ಬೆರೆಸಬಾರದು. ಮೊದಲನೆಯದು ‘ನೀವು’ ಅನ್ನುವವರಿಗೆ, ಎರಡನೆಯದು ‘ನೀನು’ ಅನ್ನುವವರಿಗೆ. ಕೀಲಿ ಹಿಡಿದು ಕಾದಿರುವ ಹಿರಿಯರಿಗೆ ‘ಸ್ಕೂಸ’ ಎಂದರೆ ಕ್ಷಮೆಯೇ ಒರಟಾಗುತ್ತದೆ.

ಊಟದ ಮೇಜು ಕಾದಿರಿಸಿದ್ದರೆ ಅದಕ್ಕೊಂದು ಫೋನ್ ಬೇರೆ. ಸಣ್ಣ ಊರುಗಳಲ್ಲಿ ಅಡುಗೆಮನೆ ರಾತ್ರಿ ಬೇಗ ಮುಚ್ಚುತ್ತದೆ, ತಡವಾಗಿ ಬರುತ್ತೇವೆನ್ನುವುದಕ್ಕಿಂತ ಮರುದಿನಕ್ಕೆ ಕೇಳುವುದು ಒಳ್ಳೆಯದು: ‘ಪೊಸ್ಸ್ಯಾಮೊ ಸ್ಪೊಸ್ತಾರೆ ಲ ಪ್ರೆನೊತತ್ಸ್ಯೋನೆ ಅ ದೊಮಾನಿ?’ ಪೂರ್ತಿ ರದ್ದಾದರೆ ‘ದೊಬ್ಬ್ಯಾಮೊ ದಿಸ್ದೀರೆ’. ಒಬ್ಬರು ಕಡಿಮೆಯಾದರೆ ‘ಸ್ಯಾಮೊ ಇನ್ ತ್ರೆ ಇನ್ವೇಚೆ ದಿ ಕ್ವಾತ್ತ್ರೊ’, ನಾಲ್ವರ ಬದಲು ಮೂವರು. ಒತ್ತಕ್ಷರ ಬಂದಲ್ಲಿ ಕನ್ನಡದಂತೆಯೇ ಒತ್ತಿ ಹೇಳಿ. ಅದನ್ನು ನುಂಗುವ ಇಂಗ್ಲಿಷ್ ರೂಢಿ ಇಲ್ಲಿ ಕೆಲಸಕ್ಕೆ ಬಾರದು.

ಕೊರ್ನೀಲ್ಯದಲ್ಲಿ ಇಳಿದ ಮೇಲೂ ಸುಮಾರು 380 ಮೆಟ್ಟಿಲು ಹತ್ತಬೇಕು. ರಾತ್ರಿ ಊರಿನ ಬಸ್ಸನ್ನು ನೆಚ್ಚಿಕೊಳ್ಳದೆ, ಹೇಳುವ ಸಮಯಕ್ಕೆ ಮೆಟ್ಟಿಲಿನ ಇಪ್ಪತ್ತು ನಿಮಿಷ ಸೇರಿಸಿಯೇ ಹೇಳಿ. ಹೊಸ್ತಿಲಲ್ಲಿ ‘ಪೆರ್ಮೆಸ್ಸೊ’ (ಬರಬಹುದೇ?) ಎಂದು ಒಳಗೆ ಹೋಗುವುದು ಅಲ್ಲಿನ ಮರ್ಯಾದೆ. ‘ಸಿ ಫಿಗೂರಿ’ (ಪರವಾಗಿಲ್ಲ ಬಿಡಿ) ಅಥವಾ ‘ನೊನ್ ಸಿ ಪ್ರೆಯೊಕ್ಕೂಪಿ’ (ಚಿಂತಿಸಬೇಡಿ) ಎಂಬ ಉತ್ತರ ಬಂದರೆ ವಿಷಯ ಮುಗಿಯಿತು, ಮತ್ತೆ ಮತ್ತೆ ಕ್ಷಮೆ ಕೇಳುತ್ತ ನಿಲ್ಲಬೇಡಿ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ: ಬಂದವರ ವಿವರವನ್ನು ಮನೆಯವರು 24 ತಾಸಿನೊಳಗೆ, ಒಂದೇ ರಾತ್ರಿಯ ವಾಸವಾದರೆ 6 ತಾಸಿನೊಳಗೆ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಕಳಿಸಬೇಕು.