ಹಟ ಹಿಡಿದ ಕ್ರ್ಯಾಂಕ್

ನನ್ನ ಮೌಂಟೇನ್ ಬೈಕ್‌ನ ಎಡಗಡೆಯ ಕ್ರ್ಯಾಂಕ್, ಅಂದರೆ ಸೈಕಲ್ ಪೆಡಲ್ ಕೂರುವ ತೋಳು, ಅಂತೂ ಕಳಚಿತು! ಅದರೊಳಗಿನ ಥ್ರೆಡ್ (ಸ್ಕ್ರೂ ಸುತ್ತುಗಳು) ಪೂರ್ತಿ ಕಿತ್ತುಹೋಗಿತ್ತು. ಕ್ರ್ಯಾಂಕನ್ನು ಎಳೆದು ಕಳಚುವ ಪುಲ್ಲರ್ ಹಾಕಿದರೆ ಹಿಡಿತವೇ ಸಿಗುತ್ತಿರಲಿಲ್ಲ.

ಎರಡೂ ಕ್ರ್ಯಾಂಕ್ ಸೇರಿಸುವ ಆಕ್ಸೆಲ್‌ಗೆ ಚೌಕ ತುದಿ ಇರುವ ಬೈಕ್‌ಗಳಲ್ಲಿ ಈ ಕಾಟ ಇದ್ದದ್ದೇ. ಆಕ್ಸೆಲ್ ಸಾಮಾನ್ಯವಾಗಿ ಉಕ್ಕಿನದು, ಕ್ರ್ಯಾಂಕ್ ಅಲ್ಯೂಮಿನಿಯಂ. ನೀರು, ಕೆಸರು ಸೇರಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಪುಲ್ಲರ್ ಕೂರುವ ಥ್ರೆಡ್ 22 ಮಿ.ಮೀ. ಅಗಲ, ಪಿಚ್ (ಸುತ್ತುಗಳ ನಡುವಿನ ಅಂತರ) ಬರೀ 1 ಮಿ.ಮೀ. ಅದೂ ಮೆತ್ತನೆಯ ಲೋಹದಲ್ಲಿ. ಹಾಗಾಗಿ ಪುಲ್ಲರನ್ನು ಕೈಯಲ್ಲೇ ತಿರುಗಿಸಿ ಕೊನೆತನಕ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಕ್ರ್ಯಾಂಕನ್ನು ಆಕ್ಸೆಲ್‌ಗೆ ಬಿಗಿಯುವ ಬೋಲ್ಟ್ ಜೊತೆಗಿನ ವಾಷರ್ ಒಳಗೇ ಉಳಿದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಥ್ರೆಡ್‌ಗಳು ಹಾಳಾಗೋದು ಆ ಪುಟ್ಟ ವಾಷರ್‌ನಿಂದಲೇ.

ನನಗೆ ಕೆಲಸಕ್ಕೆ ಬಂದದ್ದು ಎರಡು ಕಾಲಿನ ಬೇರಿಂಗ್ ಪುಲ್ಲರ್. ಎಡಗಡೆ ಚೈನ್‌ರಿಂಗ್ (ಚೈನ್ ಕೂರುವ ಹಲ್ಲಿನ ಚಕ್ರ) ಇಲ್ಲ, ಕ್ರ್ಯಾಂಕ್ ಹಿಂದೆ ಅದರ ಕಾಲುಗಳು ಸಲೀಸಾಗಿ ಕೂರುತ್ತವೆ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಎಣ್ಣೆ ಒರೆಸಿ, ಹೀಟ್ ಗನ್‌ನಿಂದ ಬಿಸಿ ಮಾಡಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಅದೇ ನಮಗೆ ಅನುಕೂಲ. ಸ್ವಲ್ಪ ಬಿಗಿ ಮಾಡೋದು, ಕಾಯೋದು, ಮತ್ತೆ ಸ್ವಲ್ಪ ಬಿಗಿ ಮಾಡೋದು. ಇನ್ನೂ ಬಲ ಹಾಕೋಣ ಅನ್ನಿಸುವ ಹೊತ್ತಲ್ಲಿ ಕೈ ತಡೆದು ನಿಲ್ಲೋದು ಎಷ್ಟು ಕಷ್ಟ, ಅಲ್ವಾ? ಬೈಕ್ ವಿಷಯದಲ್ಲಿ ಮಾತ್ರ ಅಲ್ಲ ಅನ್ನಿಸಿತು. ಆಮೇಲೆ ಟಕ್ ಅಂತ ಶಬ್ದ. ಅದನ್ನು ಕೇಳಿದ ಖುಷಿಯೇ ಬೇರೆ!

ಬೋಲ್ಟ್ ಸಡಿಲಿಸಿ ಸ್ವಲ್ಪ ದೂರ ಓಡಿಸಿದರೂ ಕ್ರ್ಯಾಂಕ್ ಸಡಿಲ ಆಗುತ್ತದೆ. ಆದರೆ ಅದರ ಚೌಕ ತೂತು ಹಾಳಾಗಬಹುದು. ಎಸೆಯುವ ಕ್ರ್ಯಾಂಕ್ ಆದರೆ ಮಾತ್ರ ಆ ದಾರಿ.

ಈಗ ಹೊಸದು ಹಾಕಿದ್ದೇನೆ. ಮೊದಲ ಸವಾರಿ ಆದಮೇಲೆ ಬೋಲ್ಟ್ ಬಿಗಿ ಇದೆಯಾ ಅಂತ ಇನ್ನೊಮ್ಮೆ ನೋಡಬೇಕು.